ಗೇರಾ, ಆಟೊಮ್ಯಾಟಿಕ್ಕಾ? ಸ್ಪೋರ್ಟ್ಸ್ ಕಾರು ತಗೊಳ್ಳುವ ಮುಂಚೆ ನಮ್ಮ ಘಾಟಿ ಗೊತ್ತಿರುವವರು ಹೇಳಿ

ಕಣದ_ಕಾಗೆ

ಎಲ್ಲರಿಗೂ ನಮಸ್ಕಾರ. ಊರು ಪೊನ್ನಂಪೇಟೆ ಪಕ್ಕ. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಈಗ ತೋಟಕ್ಕೆ ವಾಪಸ್ ಬಂದಿದ್ದೇನೆ. ರೋಬಸ್ಟಾ ಕಾಫಿಯ ಚೆರಿ (ಒಣಗಿಸಿದ ಹಣ್ಣು) 50 ಕೆ.ಜಿ. ಚೀಲಕ್ಕೆ ಹತ್ತು ಸಾವಿರ ದಾಟಿದಾಗ ಮನೆ ಸಾಲ ತೀರಿತು. ಬೆಂಗಳೂರಿನ ಸೈಟೂ ಮಾರಾಟವಾಯಿತು. ಹೈಸ್ಕೂಲಿನಿಂದ ಒಂದು ಆಸೆ ಇಟ್ಟುಕೊಂಡು ಬಂದಿದ್ದೇನೆ, ಈಗ ಬಿಟ್ಟರೆ ಇನ್ನು ಆಗುವುದಿಲ್ಲ. ಬಿಎಂಡಬ್ಲ್ಯು ಎಂ2 ನೋಡುತ್ತಿದ್ದೇನೆ. ಅಮ್ಮ "ಆ ದುಡ್ಡಲ್ಲಿ ಇನ್ನೊಂದು ಕಣ ಹಾಕಿಸು" ಅನ್ನುತ್ತಾರೆ. ಆ ಚರ್ಚೆ ಮನೆಯಲ್ಲೇ ಬೇಕಾದಷ್ಟು ಆಗಿದೆ, ಇಲ್ಲಿ ಬೇಡ.

ನನ್ನ ಪ್ರಶ್ನೆ ಗೇರಿನದು. ಈ ಗಾಡಿಯಲ್ಲಿ 6 ಗೇರಿನ ಮ್ಯಾನುವಲ್ಲೂ ಇದೆ, 8 ಗೇರಿನ ಆಟೊಮ್ಯಾಟಿಕ್ಕೂ ಇದೆ. ವಾರಕ್ಕೊಮ್ಮೆ ಆನೆಚೌಕೂರು ಮೇಲೆ ಮೈಸೂರಿಗೆ ಹೋಗುತ್ತೇನೆ. ತಿಂಗಳಿಗೊಮ್ಮೆ ಸಂಪಾಜೆ ಇಳಿದು ಪುತ್ತೂರು, ಅದು ಹೆಂಡತಿಯ ತವರು. ಮನೆಯಲ್ಲಿ ಗಾಡಿ ಓಡಿಸುವವರು ಮೂರು ಜನ: ನಾನು, ಹೆಂಡತಿ, ಅಪ್ಪ. ಅಪ್ಪನಿಗೆ 71, ಹೋದ ವರ್ಷ ಮಂಡಿ ಆಪರೇಷನ್ ಆಯಿತು. ಹೆಂಡತಿಗೂ ಆಟೊಮ್ಯಾಟಿಕ್ಕೇ ಸುಲಭ ಅಂತ ನನ್ನ ಲೆಕ್ಕ. ನನಗೆ ಗೇರು ಹಾಕುವುದೇ ಇಷ್ಟ. ಆದರೆ ಮನೆಯವರನ್ನು ನೆನೆಸಿಕೊಂಡರೆ ಕೈ ಹಿಂದೆ ಬರುತ್ತದೆ.

ಒಂದು ವಿನಂತಿ. ಸುಮ್ನೆ "ಮ್ಯಾನುವಲ್ ಅಂದ್ರೆ ಮಜಾ" ಅಂತ ಒಂದು ಸಾಲು ಬರೆದು ಹೋಗಬೇಡಿ. ಕಾರಣ ಹೇಳಿ.

ಗಾಳಿಬೀಡು_ಗಾಳಿ

ಮ್ಯಾನುವಲ್ ಅಂದ್ರೆ ಮಜಾ.

ಸುಳ್ಯದಿಂದ_ಮೇಲೆ

ಮಾರಾಯ್ರೆ, ನಾನು ವಾರದಲ್ಲಿ ನಾಲ್ಕು ದಿನ ಸಂಪಾಜೆ ಘಾಟಿ ಹತ್ತಿ ಇಳಿಯುವವನು. ಸ್ಪೋರ್ಟ್ಸ್ ಕಾರಲ್ಲ, ಸಾಧಾರಣ ಡೀಸೆಲ್ ಗಾಡಿ. ಆದರೂ ಹೇಳುತ್ತೇನೆ. ಮಡಿಕೇರಿಯಿಂದ ಸಂಪಾಜೆಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಸಾವಿರ ಮೀಟರ್ ಕೆಳಗೆ ಇಳಿದಿರುತ್ತೀರಿ. ಅಷ್ಟೂ ಇಳಿಜಾರನ್ನು ಬ್ರೇಕಿನಲ್ಲೇ ಇಳಿಸಲು ಹೋದರೆ ಕೊಯಿನಾಡು ಬರುವಾಗ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಟೂರಿಸ್ಟ್ ಗಾಡಿಗಳು ರಸ್ತೆ ಬದಿ ನಿಂತು ಚಕ್ರಕ್ಕೆ ನೀರು ಎರಚುವುದನ್ನು ಎಷ್ಟೋ ಸಲ ನೋಡಿದ್ದೇನೆ. (ಕಾದ ಡಿಸ್ಕಿಗೆ ನೀರು ಹಾಕಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಹೇಳಿದರೆ ಯಾರು ಕೇಳುತ್ತಾರೆ.)

ಹಳೇ ಡ್ರೈವರುಗಳು ಹೇಳುವುದು ಒಂದೇ: ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಮ್ಯಾನುವಲ್‌ನಲ್ಲಿ ಎರಡನೇ ಗೇರಿಗೆ ಹಾಕಿದರೆ ಅದು ಅಲ್ಲೇ ಇರುತ್ತದೆ. ಆಟೊಮ್ಯಾಟಿಕ್‌ನಲ್ಲಿ ‘ಡಿ’ಗೆ ಹಾಕಿ ಕೂತರೆ ನೀವು ಕಾಲು ಎತ್ತಿದ ತಕ್ಷಣ ಅದು ಮೇಲಿನ ಗೇರಿಗೆ ಹೋಗುತ್ತದೆ, ಗಾಡಿ ಓಡತೊಡಗುತ್ತದೆ. ಸ್ಟೇರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಗೇರು ಇಳಿಸಿಕೊಳ್ಳಬಹುದು, ನಿಜ. ಎಷ್ಟು ಜನ ಒತ್ತುತ್ತಾರೆ?

ಮತ್ತೆ ವೀಕೆಂಡಿನಲ್ಲಿ ಹೋಗುವುದಾದರೆ ಯಾವ ಗೇರೂ ಒಂದೇ. ಮುಂದೆ ಟ್ಯಾಂಕರ್, ಅದರ ಮುಂದೆ ಜಲ್ಲಿ ಲಾರಿ. ನಿಮ್ಮ ಎಂ2 ಕೂಡ ಗಂಟೆಗೆ ಇಪ್ಪತ್ತು ಕಿಲೋಮೀಟರೇ.

ಲೆಕ್ಕದ_ಪುಸ್ತಕ

ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಎಂ2ನ ಸುಧಾರಿತ ಮಾದರಿ 2024ರ ಕೊನೆಯಲ್ಲಿ ಬಂದಾಗ ಅದರ ಎಕ್ಸ್‌ಶೋರೂಮ್ ಬೆಲೆ 1.03 ಕೋಟಿ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ 18%, ಅದರ ಮೇಲೆ ಸೆಸ್. ಇನ್ಶೂರೆನ್ಸ್ ಬೇರೆ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ ಗಂಟೆಗೆ 100, ಮೇಲೆ ಕ್ಯಾಮೆರಾ. ಊರಿನ ರಸ್ತೆಯಲ್ಲಿ ಆನೆ, ಹಂಪ್, ಗುಂಡಿ. 480 ಎಚ್‌ಪಿ ಎಲ್ಲಿ ಬಿಡುತ್ತೀರಿ ಅಣ್ಣಾ? ಕಣದಲ್ಲಾ?

ಕಣದ_ಕಾಗೆ

ಲೆಕ್ಕದ_ಪುಸ್ತಕ, ನೀವು ನಮ್ಮ ಅಮ್ಮನ ನೆಂಟರಾ? ಅದೇ ಮಾತು, ಅದೇ ಕ್ರಮದಲ್ಲಿ.

ನಾಲ್ಕನೇ_ಗೇರು

ಆಟೊಮ್ಯಾಟಿಕ್ಕೇ ತಗೊಳ್ಳಿ. ಎಂ2ನಲ್ಲಿ ಇರುವುದು ಡ್ಯುಯಲ್ ಕ್ಲಚ್. ಒಂದು ಕ್ಲಚ್ 1, 3, 5ಕ್ಕೆ, ಇನ್ನೊಂದು 2, 4, 6ಕ್ಕೆ. ನೀವು ಮೂರರಲ್ಲಿ ಓಡಿಸುವಾಗ ನಾಲ್ಕು ಆಗಲೇ ರೆಡಿ ಇರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಗೇರು ಬದಲಾಗುತ್ತದೆ, ಮನುಷ್ಯನ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಕಂಪನಿಯೇ ಕೊಟ್ಟ ಲೆಕ್ಕ ನೋಡಿ: ನಿಂತಲ್ಲಿಂದ ನೂರಕ್ಕೆ ಆಟೊಮ್ಯಾಟಿಕ್ 4 ಸೆಕೆಂಡ್, ಮ್ಯಾನುವಲ್ 4.2. ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಕೂಡ ಆಟೊಮ್ಯಾಟಿಕ್‌ಗೆ 600 ಎನ್‌ಎಂ, ಮ್ಯಾನುವಲ್‌ಗೆ 550. ಜಾಸ್ತಿ ದುಡ್ಡು ಕೊಟ್ಟು ನಿಧಾನದ ಗಾಡಿ ಯಾಕೆ?

ಕುಶಾಲನಗರ_ಸ್ಪ್ಯಾನರ್

ಅಂಕಿ ಸರಿ, ಗೇರ್‌ಬಾಕ್ಸ್ ತಪ್ಪು. ಡ್ಯುಯಲ್ ಕ್ಲಚ್ ಇದ್ದದ್ದು ಹಿಂದಿನ ಎಂ2ನಲ್ಲಿ. 2023ರಲ್ಲಿ ನಮ್ಮಲ್ಲಿಗೆ ಬಂದ ಹೊಸ ಎಂ2ನಲ್ಲಿ ಇರುವುದು ಜರ್ಮನಿಯ ಝಡ್‌ಎಫ್ ಕಂಪನಿಯ 8 ಗೇರಿನ ಡಬ್ಬ, ಟಾರ್ಕ್ ಕನ್ವರ್ಟರ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ. ಒಂದಕ್ಕೆ ಕರೆಂಟ್ ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ ಅಲ್ವಾ? ಗಾಳಿಯ ಬದಲು ಎಣ್ಣೆ, ಅಷ್ಟೇ ಟಾರ್ಕ್ ಕನ್ವರ್ಟರ್. ಎಂಜಿನ್ ಕಡೆಯ ಫ್ಯಾನು ಎಣ್ಣೆ ತಳ್ಳುತ್ತದೆ, ಗೇರ್‌ಬಾಕ್ಸ್ ಕಡೆಯದು ತಿರುಗುತ್ತದೆ. ವೇಗ ಹಿಡಿದ ಮೇಲೆ ಒಳಗೊಂದು ಕ್ಲಚ್ ಎರಡನ್ನೂ ಕಚ್ಚಿ ಹಿಡಿಯುತ್ತದೆ, ಆಮೇಲೆ ಜಾರುವುದಿಲ್ಲ. ಹಳೇ ಕಾಲದ ಆಟೊಮ್ಯಾಟಿಕ್ ಎಳೆಯುತ್ತಿರಲಿಲ್ಲ ಅನ್ನುವುದು ನಿಜ. ಈಗಿನದು ಹಾಗಲ್ಲ.

ಘಾಟಿಯಲ್ಲಿ ನಿಂತು ನಿಂತು ಹೋಗುವುದಕ್ಕೆ ಈ ಎಣ್ಣೆಯದೇ ವಾಸಿ. ಒಣ ಕ್ಲಚ್ಚಿನ ಡ್ಯುಯಲ್ ಕ್ಲಚ್ ಗಾಡಿಗಳನ್ನು ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ತೂಗಾಡಿಸಿ ನಿಲ್ಲಿಸುತ್ತಾರೆ. ನೀವು ಹಾಫ್ ಕ್ಲಚ್ಚಲ್ಲಿ ಗಾಡಿ ನಿಲ್ಲಿಸಿದ ಹಾಗೆಯೇ ಅದು. ಒಳಗೆ ಸವೆಯುತ್ತಿರುತ್ತದೆ, ನಿಮಗೆ ಕಾಲಲ್ಲಿ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. "ಗೇರ್‌ಬಾಕ್ಸ್ ಎಣ್ಣೆ ಲೈಫ್‌ಟೈಮ್, ಬದಲಾಯಿಸುವುದೇ ಬೇಡ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಬ್ಬ ಮಾಡಿದ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿ.ಮೀ. ಒಳಗೆ ಬದಲಾಯಿಸಿ ಅನ್ನುತ್ತದೆ. ಯಾರ ಲೈಫ್‌ಟೈಮ್ ಅಂತ ಕೇಳಬೇಕು.

ನಾಲ್ಕನೇ_ಗೇರು

ಸರಿ ಗುರುವೇ, ಡ್ಯುಯಲ್ ಕ್ಲಚ್ ಅಂದದ್ದು ತಪ್ಪಾಯಿತು. ಆದರೆ ವಾದ ಬದಲಾಗುವುದಿಲ್ಲ. ವೇಗದ್ದು ಆಟೊಮ್ಯಾಟಿಕ್ಕೇ.

ಎಡಗಾಲು

ಮೊದಲ ಪೋಸ್ಟಿನ ಒಂದು ಸಾಲು ಗಂಟಲಲ್ಲಿ ಸಿಕ್ಕಿಕೊಂಡಿದೆ.

> ಹೆಂಡತಿಗೂ ಆಟೊಮ್ಯಾಟಿಕ್ಕೇ ಸುಲಭ ಅಂತ ನನ್ನ ಲೆಕ್ಕ

ನಿಮ್ಮ ಲೆಕ್ಕ. ಅವರನ್ನು ಕೇಳಿದಿರಾ? ನಾನು ವಿರಾಜಪೇಟೆಯವಳು, ವಯಸ್ಸು ಮೂವತ್ತೊಂಬತ್ತು, ಗದ್ದೆಯಲ್ಲಿ ಆಟೋಕ್ರಾಸ್ (ಮಣ್ಣಿನ ಮೇಲಿನ ಕಾರ್ ರೇಸ್) ಆಡಿದವಳು. ಶೋರೂಮಿಗೆ ಹೋದರೆ ಇವತ್ತಿಗೂ ನನ್ನನ್ನು ನೇರ ಆಟೊಮ್ಯಾಟಿಕ್ ಪಕ್ಕ ಕರೆದುಕೊಂಡು ಹೋಗುತ್ತಾರೆ. "ಮೇಡಂ, ಕ್ಲಚ್ ಒತ್ತುವ ತೊಂದರೆಯೇ ಇಲ್ಲ." ನನಗೆ ಯಾವಾಗ ತೊಂದರೆ ಆಗಿತ್ತು?

ಅದಿರಲಿ. ಮಳೆಯ ಬಗ್ಗೆ ಯಾರೂ ಮಾತಾಡಿಲ್ಲ, ಇದು ಕೊಡಗಿನವರ ಚರ್ಚೆ ತಾನೇ? ಎಂ2 ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಕೊಡುವ ಗಾಡಿ. ಜುಲೈ ತಿಂಗಳು, ರಸ್ತೆ ಮೇಲೆ ಬರೆಯಿಂದ ಜಾರಿ ಬಂದ ಕೆಂಪು ಮಣ್ಣು, ಮರದೆಲೆ. ತಿರುವಿನೊಳಗೆ ಹೋದ ಮೇಲೆ ಮೂರರಿಂದ ಎರಡಕ್ಕೆ ಇಳಿಸಿ ಕ್ಲಚ್ ಪಟ್ಟಂತ ಬಿಟ್ಟರೆ ಏನಾಗುತ್ತದೆ ಗೊತ್ತಾ? ಎಂಜಿನ್ ನಿಧಾನ ತಿರುಗುತ್ತಿರುತ್ತದೆ, ಚಕ್ರ ಜೋರಾಗಿ. ಆ ವ್ಯತ್ಯಾಸವನ್ನು ಹಿಂದಿನ ಟೈರು ತಡೆದುಕೊಳ್ಳಬೇಕು. ಒದ್ದೆಯಲ್ಲಿ ತಡೆಯುವುದಿಲ್ಲ, ಒಂದು ಗಳಿಗೆ ಕಚ್ಚಿ ನಿಂತು ಬಾಲ ಬೀಸುತ್ತದೆ. ಅದಕ್ಕೇ ಗೇರು ಇಳಿಸುವಾಗ ಬ್ರೇಕಿನಲ್ಲಿರುವ ಪಾದದ ಅಂಚಿನಿಂದಲೇ ಆಕ್ಸಿಲರೇಟರನ್ನು ಒಮ್ಮೆ ಕುಟ್ಟುವುದು. ಎಂ2 ಮ್ಯಾನುವಲ್ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಬೇಡದಿದ್ದರೆ ಆಫ್ ಮಾಡಬಹುದು. ಮೊದಲ ಮಳೆಗಾಲ ಆಫ್ ಮಾಡಬೇಡಿ.

ಆಟೊಮ್ಯಾಟಿಕ್‌ಗೂ ಅದರದೇ ಕಾಟ ಇದೆ. ತಿರುವಿನ ನಡುವೆ ಸ್ವಲ್ಪ ಜಾಸ್ತಿ ಒತ್ತಿದಿರಿ ಅನ್ನಿ, ಅದು "ಓಹೋ, ಓವರ್‌ಟೇಕ್" ಅಂದುಕೊಂಡು ಎರಡು ಗೇರು ಇಳಿಸಿಬಿಡುತ್ತದೆ. ಒದ್ದೆ ರಸ್ತೆಯಲ್ಲಿ 600 ಎನ್‌ಎಂ. ಹಾಗಾಗಿ ಘಾಟಿಯಲ್ಲಿ ಆಟೊಮ್ಯಾಟಿಕ್ ಓಡಿಸಿದರೂ ಮ್ಯಾನುವಲ್ ಮೋಡಿನಲ್ಲೇ ಓಡಿಸಿ. ಎರಡು ಪ್ಯಾಡಲ್ ಇರುವುದು ಅಂದಕ್ಕಲ್ಲ.

ಕಣದ_ಕಾಗೆ

ಎಡಗಾಲು ಅವರೇ, ಈಗಷ್ಟೇ ಕೇಳಿದೆ. ಅವಳು ಗಾಡಿ ಕಲಿತದ್ದು ಪುತ್ತೂರಿನಲ್ಲಿ, ಅಡಿಕೆ ಸಾಗಿಸುವ ಪಿಕಪ್ಪಿನಲ್ಲಂತೆ. ಮದುವೆಯಾಗಿ ಆರು ವರ್ಷ ಆಯಿತು, ನನಗೆ ಗೊತ್ತಿರಲಿಲ್ಲ. "ನೀವು ಕೇಳಲಿಲ್ಲ" ಅಂದಳು. ತಪ್ಪಾಯಿತು.

ಗಾಳಿಬೀಡು_ಗಾಳಿ

ಇವತ್ತು ರಾತ್ರಿ ಊಟ ಸಿಗುತ್ತದಾ ನೋಡಿ.

ಮಾಲ್ದಾರೆ_ಬೇಲಿ

ನೀವೆಲ್ಲ ಮುಂದಕ್ಕೆ ಹೋಗುವ ಗೇರಿನ ಬಗ್ಗೆ ಮಾತಾಡುತ್ತಿದ್ದೀರಿ. ನಾನು ರಿವರ್ಸ್ ಬಗ್ಗೆ ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಸಿದ್ದಾಪುರ ಪೇಟೆಯಿಂದ ಮನೆಗೆ ಬರುತ್ತಿದ್ದೆ. ಭಾವನ ಹೊಸ ಕಾರು, ಮ್ಯಾನುವಲ್. ಸಂಜೆ ಆರೂಮುಕ್ಕಾಲು, ಮಂಜು. ತಿರುವು ತೆಗೆದರೆ ರಸ್ತೆ ನಡುವೆ ಒಂದು ಕಪ್ಪು ಗೋಡೆ. ಒಂಟಿ ಸಲಗ. ಲೈಟ್ ಡಿಮ್ ಮಾಡಿದೆ, ಹಾರ್ನ್ ಮುಟ್ಟಲಿಲ್ಲ. ಅದು ಒಂದು ಹಲಸಿನಕಾಯಿ ಕಾಲಡಿ ಹಾಕಿಕೊಂಡು ನಿಂತಿತ್ತು. ನನ್ನನ್ನು ನೋಡಿ ಕಿವಿ ಅಗಲಿಸಿತು.

ರಿವರ್ಸ್ ಹಾಕಬೇಕು. ನನ್ನ ಗಾಡಿಯಲ್ಲಾದರೆ ಬಲಕ್ಕೆ ತಂದು ಕೆಳಗೆ. ಭಾವನದರಲ್ಲಿ ಗೇರಿನ ಕತ್ತಿನ ಬಳೆ ಮೇಲಕ್ಕೆತ್ತಿ ಎಡಕ್ಕೆ ಹಾಕಬೇಕಂತೆ. ಆ ಹೊತ್ತಿಗೆ ಯಾರಿಗೆ ನೆನಪಾಗುತ್ತದೆ? ನನ್ನ ಅಭ್ಯಾಸದಲ್ಲಿ ಬಲಕ್ಕೆ ಎಳೆದೆ, ಆರನೇ ಗೇರಿಗೆ ಬಿತ್ತು. ಕ್ಲಚ್ ಬಿಟ್ಟೆ, ಗಾಡಿ ಒಂದು ಸಲ ಮುಂದಕ್ಕೆ ಕುಪ್ಪಳಿಸಿ ಆಫ್ ಆಯಿತು. ಅಂದರೆ ನಾನು ಆನೆಯ ಕಡೆಗೇ ಹೋದೆ! ಅದಕ್ಕೂ ಆಶ್ಚರ್ಯ ಆಗಿರಬೇಕು, ಎರಡು ಹೆಜ್ಜೆ ಹಿಂದೆ ಸರಿಯಿತು. ಹೆಂಡತಿ ಪಕ್ಕದಿಂದ ಕೈ ಹಾಕಿ ಬಳೆ ಎತ್ತಿ ಗೇರು ಹಾಕಿಕೊಟ್ಟಳು. ನಾನು ಕ್ಲಚ್ ಒತ್ತಿದ್ದಷ್ಟೇ. ಹಿಂದಕ್ಕೆ ಅರ್ಧ ಕಿಲೋಮೀಟರ್ ಬಂದದ್ದು ನನಗೆ ಸರಿಯಾಗಿ ನೆನಪಿಲ್ಲ.

ಅದಾದ ಮೇಲೆ ನಮ್ಮ ಮನೆಗೆ ಆಟೊಮ್ಯಾಟಿಕ್ ಬಂತು. ‘ಆರ್’ಗೆ ಹಾಕು, ಒತ್ತು. ಮಜಾ ಇಲ್ಲದಿದ್ದರೂ ಪರವಾಗಿಲ್ಲ.

ಗಾಳಿಬೀಡು_ಗಾಳಿ

ಆನೆ ಹಿಂದೆ ಹೋದದ್ದು ಯಾವ ಗೇರಲ್ಲಿ?

ಮಾಲ್ದಾರೆ_ಬೇಲಿ

ಅದು ಆಟೊಮ್ಯಾಟಿಕ್ ಮಾರಾಯ. ಆಲ್ ವೀಲ್ ಡ್ರೈವ್.

ಮೂರ್ನಾಡು_ಪಿಂಚಣಿ

ಮಕ್ಕಳೇ, ನಾನು ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದವನು. ನಮ್ಮ ಕಾಲದ ಲಾರಿಗೆ ಡಬಲ್ ಕ್ಲಚ್ ಹೊಡೆಯಬೇಕಿತ್ತು. ಕ್ಲಚ್ ಒತ್ತು, ನ್ಯೂಟ್ರಲ್, ಕ್ಲಚ್ ಬಿಡು, ಎಂಜಿನ್ ರೇಸ್ ಮಾಡು, ಮತ್ತೆ ಕ್ಲಚ್, ಆಮೇಲೆ ಗೇರು. ತಪ್ಪಿದರೆ ಡಬ್ಬ ಕರಕರ ಅನ್ನುತ್ತಿತ್ತು, ಹಿಂದೆ ಕೂತ ಇಪ್ಪತ್ತು ಜನ ಬೈಯುತ್ತಿದ್ದರು. ಅವರ ಬೈಗುಳ ಕೇಳಿ ಕೇಳಿಯೇ ಕಲಿತದ್ದು.

ಮನೆಯ ಜೀಪಿಗೆ ಬ್ಯಾಟರಿ ಇದ್ದೂ ಇಲ್ಲದ ಹಾಗೆ. ರಾತ್ರಿ ಇಳಿಜಾರಿನಲ್ಲೇ ನಿಲ್ಲಿಸುವುದು, ಚಕ್ರಕ್ಕೆ ಕಲ್ಲು ಕೊಡುವುದು. ಬೆಳಿಗ್ಗೆ ಕಲ್ಲು ತೆಗೆದು ಉರುಳಲು ಬಿಟ್ಟು ಎರಡನೇ ಗೇರಲ್ಲಿ ಕ್ಲಚ್ ಬಿಟ್ಟರೆ ಸ್ಟಾರ್ಟ್. ಆಟೊಮ್ಯಾಟಿಕ್ ಗಾಡಿಗೆ ಈ ಸುಖ ಇಲ್ಲ, ಬ್ಯಾಟರಿ ಸತ್ತರೆ ಟೋ ಗಾಡಿಯೇ ಗತಿ.

ಆದರೆ ನಾನೀಗ ಓಡಿಸುವುದು ಆಟೊಮ್ಯಾಟಿಕ್. ಮಡಿಕೇರಿಯಲ್ಲಿ ಶನಿವಾರ ಸಂಜೆ ರಾಜಾಸೀಟ್ ಕಡೆಯಿಂದ ಬರುವ ಸಾಲಿನಲ್ಲಿ ಒಮ್ಮೆ ನಿಂತು ನೋಡಿ, ನೀವೂ ಅದನ್ನೇ ತಗೊಳ್ಳುತ್ತೀರಿ.

ಕುಶಾಲನಗರ_ಸ್ಪ್ಯಾನರ್

ಅಂಕಲ್, ಜೀಪು ಬೇರೆ, ಈಗಿನ ಗಾಡಿ ಬೇರೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪೆಟ್ರೋಲ್ ಪಂಪ್, ಕಂಪ್ಯೂಟರ್ ಯಾವುದೂ ಏಳುವುದಿಲ್ಲ, ಎಷ್ಟು ಉರುಳಿಸಿದರೂ ಅಷ್ಟೇ. ಕೋಟಿ ರೂಪಾಯಿ ಕಾರನ್ನು ದಯವಿಟ್ಟು ಯಾರೂ ತಳ್ಳಿ ಸ್ಟಾರ್ಟ್ ಮಾಡಬೇಡಿ. ಜಂಪರ್ ಕೇಬಲ್ ಇಟ್ಟುಕೊಳ್ಳಿ.

ಹಳೇ_ಗ್ರಿಡ್

ನಾಲ್ಕನೇ_ಗೇರು ಹೇಳಿದ "ವೇಗದ್ದು ಆಟೊಮ್ಯಾಟಿಕ್" ಅನ್ನುವುದಕ್ಕೆ ಒಂದು ಕಥೆ ಸೇರಿಸುತ್ತೇನೆ, ರೇಸ್ ನೋಡುವ ಹುಚ್ಚು ನನಗೆ. 1989ರಲ್ಲಿ ಫೆರಾರಿಯವರು ಫಾರ್ಮುಲಾ ಒನ್‌ಗೆ 640 ಅನ್ನುವ ಕಾರು ತಂದರು. ಸ್ಟೇರಿಂಗ್ ಹಿಂದೆ ಪ್ಯಾಡಲ್ ಇದ್ದ ಮೊದಲ ಕಾರು ಅದು. ಆ ಗೇರ್‌ಬಾಕ್ಸ್ ಪದೇ ಪದೇ ಕೈಕೊಡುತ್ತಿತ್ತು, ಅದು ರೇಸ್ ಮುಗಿಸುತ್ತದೆ ಅಂತಲೇ ಯಾರಿಗೂ ನಂಬಿಕೆ ಇರಲಿಲ್ಲ. ಬ್ರೆಜಿಲ್‌ನ ಮೊದಲ ರೇಸನ್ನೇ ನೈಜಲ್ ಮ್ಯಾನ್ಸೆಲ್ ಗೆದ್ದುಬಿಟ್ಟ! ಕೆಲವೇ ವರ್ಷಗಳಲ್ಲಿ ಎಲ್ಲ ತಂಡಗಳಿಗೂ ಪ್ಯಾಡಲ್ ಬಂತು. 1997ರಲ್ಲಿ ಅದು ಎಫ್355 ಮೂಲಕ ರಸ್ತೆಗೆ ಇಳಿಯಿತು. ಈಗ ಫೆರಾರಿಯಲ್ಲಿ ಮೂರು ಪೆಡಲ್ ಇರುವ, ಅಂದರೆ ಮ್ಯಾನುವಲ್ ಕಾರೇ ಇಲ್ಲ.

ಆದರೆ ಪೋರ್ಶೆಯ ಕಥೆ ಉಲ್ಟಾ, ಅದು ಇನ್ನೂ ಚೆನ್ನಾಗಿದೆ. 911 ಜಿಟಿ3 ಅನ್ನುವುದು ಅವರ ರೇಸ್ ಹುಚ್ಚಿನವರ ಕಾರು. 2013ರಲ್ಲಿ ಹೊಸದು ಬಂದಾಗ ಮ್ಯಾನುವಲ್ ತೆಗೆದೇಬಿಟ್ಟರು. ಡ್ಯುಯಲ್ ಕ್ಲಚ್ ವೇಗ ಜಾಸ್ತಿ, ಇನ್ಯಾಕೆ ಅದು ಅಂತ. ಗಿರಾಕಿಗಳು ಗಲಾಟೆ ಮಾಡಿದರು. 2016ರಲ್ಲಿ 911 ಆರ್ ಅಂತ ಬರೀ ಮ್ಯಾನುವಲ್ ಇರುವ 991 ಕಾರು ಮಾಡಿದರು. ಅಷ್ಟೂ ಖಾಲಿ, ಸೆಕೆಂಡ್ ಹ್ಯಾಂಡಿನಲ್ಲಿ ಹೊಸದಕ್ಕಿಂತ ಎಷ್ಟೋ ಪಾಲು ಜಾಸ್ತಿ ಬೆಲೆ. ಮರುವರ್ಷ ಜಿಟಿ3ಗೂ ಮ್ಯಾನುವಲ್ ವಾಪಸ್ ಬಂತು. ಈಗಿನ 911 ಕರೆರಾ ಟಿ ಮ್ಯಾನುವಲ್ ಮಾತ್ರ.

ನಿಧಾನ ಅಂತ ಎಲ್ಲರಿಗೂ ಗೊತ್ತು. ಆದರೂ ಕೇಳಿ ತಗೊಳ್ಳುತ್ತಾರೆ. 0.2 ಸೆಕೆಂಡ್ ಮಿಕ್ಕಿಸಿ ಏನು ಮಾಡುತ್ತೀರಿ, ಬ್ಯಾಂಕಲ್ಲಿ ಇಡುತ್ತೀರಾ?

ನಾಲ್ಕನೇ_ಗೇರು

ಹಾಗಾದರೆ ಎತ್ತಿನಗಾಡಿ ತಗೊಳ್ಳಲಿ. ಅದರಲ್ಲೂ ತುಂಬಾ ಕೈಕೆಲಸ ಇದೆ.

ಹಳೇ_ಗ್ರಿಡ್

ಎತ್ತಿಗೆ ರಿವರ್ಸ್ ಇಲ್ಲ, ಮಾಲ್ದಾರೆಯವರು ಒಪ್ಪುವುದಿಲ್ಲ.

ಸೋಮವಾರಪೇಟೆ_ಅರೇಬಿಕಾ

ಕೋಟಿ ಯಾಕೆ? ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ನೋಡಿ. 1.5 ಲೀಟರ್ ಟರ್ಬೊ, 150 ಪಿಎಸ್, 250 ಎನ್‌ಎಂ. ಅದರಲ್ಲೂ 6 ಗೇರಿನ ಮ್ಯಾನುವಲ್, 7 ಗೇರಿನ ಡ್ಯುಯಲ್ ಕ್ಲಚ್ ಎರಡೂ ಬಂದಿವೆ. ನೆಲದಿಂದ 179 ಮಿ.ಮೀ. ಎತ್ತರ, ತೋಟದ ರಸ್ತೆಗೂ ಆಗುತ್ತದೆ. ನನ್ನದು ಮ್ಯಾನುವಲ್. ಮಾದಾಪುರ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ಮೂರನೇ ಗೇರಿನಲ್ಲಿ ಹೋದರೆ ಅದಕ್ಕಿಂತ ಇನ್ನೇನು ಬೇಕು. ಮಿಕ್ಕ ದುಡ್ಡಲ್ಲಿ ಅಮ್ಮನಿಗೆ ಕಣ.

ಹಳೇ_ಗ್ರಿಡ್

ಒಳ್ಳೇ ಗಾಡಿ. ಆದರೆ ಅದು ನಾಲ್ಕು ಬಾಗಿಲಿನ ಸೆಡಾನ್. ಅವರು ಕೇಳಿದ್ದು ಸ್ಪೋರ್ಟ್ಸ್ ಕಾರು.

ಸೋಮವಾರಪೇಟೆ_ಅರೇಬಿಕಾ

ಎಂ2ನಲ್ಲೂ ಹಿಂದೆ ಸೀಟಿದೆ, ಡಿಕ್ಕಿ ಇದೆ. ಯಾರು ಸ್ಪೋರ್ಟ್ಸ್ ಅಂತ ಸರ್ಟಿಫಿಕೇಟ್ ಕೊಡುತ್ತಾರೆ, ನೀವಾ?

ಎಡಗಾಲು

ಜಗಳ ಬಿಡಿ. ಎಂ2 ಯಾಕೆ ಅನ್ನುವುದಕ್ಕೆ ಒಂದು ಕಾರಣ ಇದೆ: ಈ ಬೆಲೆಯಲ್ಲಿ ಗೇರನ್ನು ಆರಿಸಿಕೊಳ್ಳಲು ಬಿಡುವ ಕಾರುಗಳು ನಮ್ಮಲ್ಲಿ ತೀರಾ ಕಡಿಮೆ. 2016ರಲ್ಲಿ ಮಸ್ಟಾಂಗ್ ಬಂತು, 5 ಲೀಟರ್ ವಿ8, ಆಟೊಮ್ಯಾಟಿಕ್ ಮಾತ್ರ. ಅದರದು ಮ್ಯಾನುವಲ್ ಬೇರೆ ದೇಶಗಳಲ್ಲಿ ಇತ್ತು, ನಮಗೆ ಕೊಡಲಿಲ್ಲ. 2025ರಲ್ಲಿ ಗಾಲ್ಫ್ ಜಿಟಿಐ ಬಂತು, ಡ್ಯುಯಲ್ ಕ್ಲಚ್ ಮಾತ್ರ. ಅದೇ ವರ್ಷ ಆಕ್ಟೇವಿಯಾ ಆರ್‌ಎಸ್, ಅದೂ ಡ್ಯುಯಲ್ ಕ್ಲಚ್. ಇಪ್ಪತ್ತು ವರ್ಷದ ಹಿಂದಿನ ಆಕ್ಟೇವಿಯಾ ಆರ್‌ಎಸ್ ಮ್ಯಾನುವಲ್ ಆಗಿತ್ತು. ಈಗ ಕಂಪನಿಯವರೇ ತೀರ್ಮಾನ ಮಾಡಿ ಕಳಿಸುತ್ತಾರೆ.

ಅಂದ ಹಾಗೆ ಕಾಗೆ ಅವರೇ, ಅಪ್ಪನಿಗೆ ಆಪರೇಷನ್ ಆದದ್ದು ಯಾವ ಮಂಡಿ?

ಕಾಳುಮೆಣಸು_7

ವಿಷಯ ಬೇರೆ, ಕ್ಷಮಿಸಿ. ಚೆರಿ ಇವತ್ತು ಗೋಣಿಕೊಪ್ಪದಲ್ಲಿ ಏನು ನಡೆಯುತ್ತಿದೆ? ಓಟಿ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟು ಹಿಡಿಯುತ್ತಿದ್ದಾರೆ?

ನಿರ್ವಾಹಕ

ಕಾಫಿ ಬೆಲೆಗೆ ಬೇರೆ ಎಳೆ ಇದೆ. ಇಲ್ಲಿ ಗೇರು ಮಾತ್ರ. ಆನೆಗೆ ಒಂದು ಸಲ ವಿನಾಯಿತಿ ಕೊಟ್ಟಿದ್ದೇನೆ.

ಕಣದ_ಕಾಗೆ

ಬಲ ಮಂಡಿ. ಯಾಕೆ?

ಎಡಗಾಲು

ಯೋಚನೆ ಮಾಡಿ. ಕ್ಲಚ್ ಯಾವ ಕಾಲಲ್ಲಿ ಒತ್ತುತ್ತಾರೆ?

ಕಣದ_ಕಾಗೆ

ಅಯ್ಯೋ.

ಎಡಗಾಲು

ಹೌದು. ಆಟೊಮ್ಯಾಟಿಕ್ ಉಳಿಸುವುದು ಎಡಗಾಲನ್ನು. ಬಲಗಾಲಿಗೆ ಬ್ರೇಕ್, ಆಕ್ಸಿಲರೇಟರ್ ಎರಡೂ ಕೆಲಸ ಹಾಗೇ ಇರುತ್ತದೆ. ನೀವು ಒಂದು ವಾರದಿಂದ ಅಪ್ಪನ ಹೆಸರಲ್ಲಿ ಎಡಗಾಲಿಗೆ ಮರುಗುತ್ತಿದ್ದೀರಿ.

ಕುಶಾಲನಗರ_ಸ್ಪ್ಯಾನರ್

ಹಹ್ಹಾ. ಅದಕ್ಕಿಂತ ದೊಡ್ಡದು ಸೀಟು. ಮಂಡಿ ಆಪರೇಷನ್ ಆದವರಿಗೆ ಕಷ್ಟ ಪೆಡಲ್ ಅಲ್ಲ, ಕೂರುವುದು, ಏಳುವುದು. ಇಂಥ ಗಾಡಿಯಲ್ಲಿ ಸೀಟು ನೆಲಕ್ಕೆ ಅಂಟಿಕೊಂಡಿರುತ್ತದೆ, ಬಾಗಿಲು ಉದ್ದ. ಜೀಪಿಗೆ ಹತ್ತಿ ಅಭ್ಯಾಸ ಇರುವವರನ್ನು ಒಮ್ಮೆ ಅಲ್ಲಿ ಕೂರಿಸಿ ನೋಡಿ. ಬುಕ್ ಮಾಡುವ ಮುಂಚೆ ಅಪ್ಪನನ್ನು ಕರೆದುಕೊಂಡು ಹೋಗಿ.

ಜೊತೆಗೆ ಟೈರ್ ನೋಡಿಕೊಳ್ಳಿ. ಹಿಂದೆ 285/30, 20 ಇಂಚು. 30 ಅಂದರೆ ರಬ್ಬರ್ ಬರೀ ನಾಲ್ಕು ಬೆರಳಿನಷ್ಟು. ಸ್ಟೆಪ್ನಿ ಇಲ್ಲ. ಮಾಕುಟ್ಟದ ಕಾಡಿನಲ್ಲಿ ಗುಂಡಿಗೆ ಬಿದ್ದು ಸೈಡ್‌ವಾಲ್ ಸೀಳಿದರೆ ಗೇರು ಯಾವುದಾದರೇನು, ನಿಂತಲ್ಲೇ ನಿಲ್ಲಬೇಕು.

ಕಾಳುಮೆಣಸು_7

ಈ ಸಲ ವಿಷಯಕ್ಕೇ ಬರುತ್ತೇನೆ. ನನ್ನ ಹತ್ತಿರ ಒಂದು ಡ್ಯುಯಲ್ ಕ್ಲಚ್ ಗಾಡಿ ಇತ್ತು, ಕಂಪನಿ ಹೆಸರು ಬೇಡ. ಡಿಸೆಂಬರ್ ರಜೆ, ಮಡಿಕೇರಿ ಒಳಗೆ ಒಂದೂವರೆ ಗಂಟೆ ತೆವಳಿದೆ. ಏರಿನಲ್ಲಿ ಒಂದು ಮಾರು ಮುಂದೆ, ನಿಲ್ಲು, ಮತ್ತೊಂದು ಮಾರು. ಮೀಟರಿನಲ್ಲಿ ಹಳದಿ ಚಕ್ರದ ಗುರುತು ಬಂತು, ಗೇರ್‌ಬಾಕ್ಸ್ ಬಿಸಿ, ಗಾಡಿ ನಿಲ್ಲಿಸಿ ಅಂತ. ಎಲ್ಲಿ ನಿಲ್ಲಿಸಲಿ? ಹಿಂದೆ ಬಸ್. ಬಸ್ಸಿನ ಕಂಡಕ್ಟರ್ ಇಳಿದು ಬಂದು, ಇಣುಕಿ, "ಏನು ಸಾರ್, ಇಷ್ಟು ಹೊಸ ಗಾಡಿ" ಅಂದ. ಆ ಮಾತು ಇವತ್ತಿಗೂ ಮರೆತಿಲ್ಲ. ಇಪ್ಪತ್ತು ನಿಮಿಷ ಆರಿಸಿ ಹೊರಟೆ.

ಸ್ಪ್ಯಾನರ್ ಹೇಳಿದ ತೂಗಾಡಿಸುವ ಕೆಲಸ ನಾನೂ ಮಾಡಿದ್ದೆ ಅನ್ನಿ. ಯಾರೂ ಹೇಳಿಕೊಟ್ಟಿರಲಿಲ್ಲ.

ಸುಳ್ಯದಿಂದ_ಮೇಲೆ

ಮ್ಯಾನುವಲ್‌ನಲ್ಲಿ ಅದೇ ಒಂದೂವರೆ ಗಂಟೆ ತೆವಳಿದ್ದರೆ ನಿಮ್ಮ ಮಂಡಿ ಬಿಸಿಯಾಗುತ್ತಿತ್ತು. ಅದಕ್ಕೆ ಹಳದಿ ಲೈಟ್ ಇಲ್ಲ.

ಕಣದ_ಕಾಗೆ

ಎಲ್ಲರಿಗೂ ವರದಿ. ನಿನ್ನೆ ಬೆಂಗಳೂರಿಗೆ ಹೋಗಿ ಬಂದೆವು. ನಾನು, ಹೆಂಡತಿ, ಅಪ್ಪ. ಅಮ್ಮ ಬರಲಿಲ್ಲ, ಅದು ಪ್ರತಿಭಟನೆ.

ಮೊದಲು ಆಟೊಮ್ಯಾಟಿಕ್ ಓಡಿಸಿದೆ. ಸುಳ್ಳು ಹೇಳುವುದಿಲ್ಲ, ಭಯ ಆಗುವಷ್ಟು ವೇಗ. ಒತ್ತಿದೆ, ಹೋಯಿತು. ಗೇರು ಬದಲಾದದ್ದು ಶಬ್ದದಲ್ಲಿ ಗೊತ್ತಾಯಿತು, ಅಷ್ಟೇ. ಹತ್ತು ನಿಮಿಷದಲ್ಲಿ ಟ್ರಾಫಿಕ್ ಸಿಕ್ಕಿತು, ಸುಖವಾಗಿ ಕೂತಿದ್ದೆ. ಆಮೇಲೆ ಮ್ಯಾನುವಲ್. ಕ್ಲಚ್ ನಾನು ಅಂದುಕೊಂಡಷ್ಟು ಗಟ್ಟಿ ಇಲ್ಲ. ಗೇರು ಹಾಕಲು ಒಂಚೂರು ಒತ್ತಬೇಕು, ಬೆಣ್ಣೆಯ ಹಾಗಿಲ್ಲ. ಎರಡರಿಂದ ಮೂರಕ್ಕೆ ಹಾಕುವಾಗ ಅವಸರ ಮಾಡಿ ಒಮ್ಮೆ ಎಡವಿದೆ. ಹೆಂಡತಿ ಓಡಿಸಿದಾಗ ಎಡವಲಿಲ್ಲ. ಅಡಿಕೆ ಪಿಕಪ್ಪಿನ ಮಹಿಮೆ. ಎಡಗಾಲು ಅವರಿಗೆ ನಮಸ್ಕಾರ ಹೇಳಲು ಹೇಳಿದ್ದಾಳೆ.

ಇನ್ನು ಅಪ್ಪ. ಸ್ಪ್ಯಾನರ್ ಹೇಳಿದ್ದು ಅಕ್ಷರಶಃ ನಡೆಯಿತು. ಬಾಗಿಲು ತೆಗೆದು ನೋಡಿದರು. ಮೊದಲು ಕೋಲು ಒಳಗಿಟ್ಟರು, ಆಮೇಲೆ ಹಿಂಭಾಗ, ಆಮೇಲೆ ಎಡಗಾಲು. ಬಲಗಾಲು ಹೊರಗೇ ಉಳಿಯಿತು. ಎರಡು ಕೈಯಲ್ಲಿ ತೊಡೆ ಹಿಡಿದು ಅದನ್ನೂ ಎತ್ತಿ ಒಳಗಿಟ್ಟುಕೊಂಡರು. ಕೂತ ಮೇಲೆ ಸ್ಟೇರಿಂಗ್ ಸವರಿದರು, ಗೇರಿನ ತಲೆ ಅಂಗೈಯಲ್ಲಿ ಹಿಡಿದು ಒಂದು, ಎರಡು, ಮೂರು, ನಾಲ್ಕು ಅಂತ ಹಾಕಿ ನೋಡಿದರು. ಕ್ಲಚ್ಚನ್ನು ಎಡಗಾಲಲ್ಲಿ ಮೂರು ಸಲ ಒತ್ತಿ "ಇದು ನಮ್ಮ ಜೀಪಿನ ಅರ್ಧವೂ ಇಲ್ಲ" ಅಂದರು. ಓಡಿಸಲಿಲ್ಲ. ಏಳಲು ಹೋದರೆ ಆಗಲಿಲ್ಲ. ಶೋರೂಮಿನ ಹುಡುಗ ಒಂದು ಕಡೆ, ನಾನು ಒಂದು ಕಡೆ ಹಿಡಿದು ಎಬ್ಬಿಸಿದೆವು. ಅವರು ನಗುತ್ತಿದ್ದರು, ನಾವೂ ನಕ್ಕೆವು.

ವಾಪಸ್ ಬರುವಾಗ ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸಿದೆ. ಅಪ್ಪ ಅಂದರು: "ನನ್ನ ಹೆಸರು ಹೇಳಿ ಆಟೊಮ್ಯಾಟಿಕ್ ತಗೋಬೇಡ. ನಾನು ಅದರಲ್ಲಿ ಕೂರೋದೂ ಇಲ್ಲ, ಏಳೋದೂ ಇಲ್ಲ. ನನಗೆ ಜೀಪಿದೆ."

ಮ್ಯಾನುವಲ್ ಬುಕ್ ಮಾಡಿದೆ. ಮಳೆಗಾಲದಲ್ಲಿ ಶೆಡ್ಡಿನಲ್ಲೇ ಇರುತ್ತದೆ, ಆಗ ಓಡಿಸಲು ಹಳೇ ಗಾಡಿ ಇದ್ದೇ ಇದೆ.

ನಾಲ್ಕನೇ_ಗೇರು

0.2 ಸೆಕೆಂಡ್ ಕಳೆದುಕೊಂಡಿರಿ. ಆದರೂ ಶುಭಾಶಯ. ರನ್ನಿಂಗ್ ಇನ್ ಮುಗಿದ ಮೇಲೆ ಒಂದು ರೌಂಡ್ ಕೊಡಿ, ವಾದ ವಾಪಸ್ ತಗೊಳ್ಳುವ ಬಗ್ಗೆ ಆಗ ನೋಡೋಣ.

ಗಾಳಿಬೀಡು_ಗಾಳಿ

ನಾನು ಎರಡನೇ ಪೋಸ್ಟಿನಲ್ಲೇ ಹೇಳಿದ್ದೆ. ಇಷ್ಟುದ್ದ ಬೇಕಿತ್ತಾ?

ಕುಶಾಲನಗರ_ಸ್ಪ್ಯಾನರ್

ಒಳ್ಳೆಯದಾಗಲಿ. ಮನೆ ಗೇಟಿನ ಹತ್ತಿರ ಹಂಪ್ ಇದೆಯಾ? ಇದ್ದರೆ ಗಾಡಿ ಬರುವ ಮುಂಚೆ ಒಡೆಸಿ. ಇಲ್ಲದಿದ್ದರೆ ಮೊದಲ ದಿನವೇ ಹೊಟ್ಟೆ ಕೆರೆಯುತ್ತದೆ.

ಕಣದ_ಕಾಗೆ

ಇದೆ. ಅಮ್ಮ ಹಾಕಿಸಿದ್ದು. ಹೋದ ವಾರ.